ಹದಿನೇಳನೇ ಜಿಲ್ಲೆಯ ಸದಸ್ಯರು

ನನ್ನ ಅಮ್ಮನನ್ನು ಹೆಂಗಸರ ಶತ್ರು ಎಂದು ಅಚ್ಚು ಹಾಕಲು ಹೊರಟಿದ್ದರು. ಅಚ್ಚಾದದ್ದನ್ನು ಅವಳ ಕೈಗೇ ಕೊಟ್ಟು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಏರ್ಪಾಡೂ ಆಗಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕರಡು ಮನೆಗೆ ಬಂತು. ತಂದವನು ದಾಖಲೆ ಭವನದ ಸಂಪಾದಕ. ಅವನ ದನಿ ಎಷ್ಟು ಮೆತ್ತಗೆಂದರೆ ನಾನು ಅವನಿಗೆ ಹತ್ತಿ ಎಂದೇ ಹೆಸರಿಟ್ಟಿದ್ದೇನೆ. ಅದೇ ಭವನದ ಸೂಚಿ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದು, ನಾಲ್ಕು ವರ್ಷದ ಕೆಳಗೆ ನಿವೃತ್ತಳಾದವಳು ನಾನು. ಅಲ್ಲಿ ನನ್ನನ್ನು ಮೆಣಸಿನಕಾಯಿ ಅನ್ನುತ್ತಿದ್ದರು. ಬೆನ್ನ ಹಿಂದೆಯೇ ಅನ್ನುತ್ತಿದ್ದರು, ಆದರೂ ನನಗೆ ಕೇಳಿಸುತ್ತಿತ್ತು.

"ಅಮ್ಮನವರು ಒಂದ್ಸಲ ನೋಡ್ಬಿಟ್ರೆ ಸಾಕು. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗುತ್ತೆ" ಎಂದು ಹೇಳಿ, ನೀರೂ ಕುಡಿಯದೆ ಹೊರಟ.

ಪುಸ್ತಕ ಹಳೆಯ ಶಾಸನಸಭೆಯದು. ಅದರ ನಾಯಕರು ಯಾರು, ಜಿಲ್ಲೆಗಳು ಯಾವುವು, ಯಾವ ಜಿಲ್ಲೆಯಿಂದ ಯಾರು ಬಂದು ಏನು ಮಾಡಿದರು ಎಂದು ಜಿಲ್ಲಾವಾರು ಬರೆದ ದಪ್ಪನೆಯ ಪುಸ್ತಕ. ನಮ್ಮ ಪುಟ್ಟ ರಾಜ್ಯವನ್ನು ದೊಡ್ಡದಕ್ಕೆ ಸೇರಿಸಿದಾಗ ಆ ಸಭೆ ಮುಚ್ಚಿತು. ಅದರ ಕೊನೆಯ ಐದು ವರ್ಷ ನನ್ನ ಅಮ್ಮ ಸದಸ್ಯೆಯಾಗಿದ್ದಳು. ಮೂವತ್ತಾರು ಜಿಲ್ಲೆಗಳ ಮೂವತ್ತಾರು ಜನರಲ್ಲಿ ಈಗ ಉಳಿದವರು ಇಬ್ಬರೇ. ಇನ್ನೊಬ್ಬರಿಗೆ ತಮ್ಮ ಮಕ್ಕಳ ಗುರುತೂ ಸಿಗುವುದಿಲ್ಲ. ಹಾಗಾಗಿ ಶುಕ್ರವಾರದ ಸಮಾರಂಭದಲ್ಲಿ ಮೊದಲ ಪ್ರತಿ ಎಂಬತ್ತನಾಲ್ಕು ವರ್ಷದ ಅಮ್ಮನಿಗೆ.

ಅಮ್ಮನಿಗೆ ಸಣ್ಣ ಅಕ್ಷರ ಕಾಣಿಸುವುದಿಲ್ಲ. ನಾನೇ ಓದಿದೆ. "ಇಪ್ಪತ್ತನೇ ಜಿಲ್ಲೆಯ ಸದಸ್ಯೆ. ವೃತ್ತಿಯಿಂದ ದಾದಿ. ಹೆರಿಗೆ ರಜೆ ಮಸೂದೆಯನ್ನು ಕಟುವಾಗಿ ವಿರೋಧಿಸಿದವರಲ್ಲಿ ಪ್ರಮುಖರು. ಹೆರುವುದು ರೋಗವಲ್ಲ, ಅದಕ್ಕೆ ರಜೆ ಏಕೆ ಎಂಬ ಇವರ ಮಾತು ಅಂದು ಬಹಳ ಚರ್ಚೆಗೆ ಗ್ರಾಸವಾಯಿತು."

ಓದುತ್ತಾ ಓದುತ್ತಾ ನನ್ನ ದನಿ ಏರಿಹೋಯಿತು. ಕೆಲವು ಪುಟ ಹಿಂದಕ್ಕೆ ತಿರುಗಿಸಿದರೆ ಸಭಾನಾಯಕನ ಇಡೀ ಪುಟದ ಫೋಟೋ. ಬೇರೆಯವರು ಮಾತಾಡುವಾಗ ಜೇಬಿನ ಗಡಿಯಾರ ತೆಗೆದು ನೋಡುವುದು ಅವನ ಚಟ. ಅಮ್ಮ ಮನೆಯಲ್ಲಿ ಅವನನ್ನು ಗಡಿಯಾರ ಅಂತಲೇ ಕರೆಯುತ್ತಿದ್ದಳು. ಫೋಟೋ ಕೆಳಗೆ: "ಹದಿನೇಳನೇ ಜಿಲ್ಲೆಯ ಸದಸ್ಯರಾಗಿ ಹೆರಿಗೆ ರಜೆಯ ಪರವಾಗಿ ಇವರು ಮಾಡಿದ ಭಾಷಣ ಐತಿಹಾಸಿಕ."

ಆ ಕಾನೂನು ಅಮ್ಮನದು. ಮಸೂದೆಯನ್ನು ಬರೆದವಳು ಅವಳು. ಒಂದೊಂದೇ ಸದಸ್ಯನ ಮನೆ ಬಾಗಿಲಿಗೆ ಹೋಗಿ ಒಪ್ಪಿಸಿದವಳೂ ಅವಳೇ. ಆಗ ನನಗೆ ಹದಿನೇಳು. ಅವಳ ಚಪ್ಪಲಿ ಎರಡು ಸಲ ಹೊಲಿಸಿಕೊಂಡು ಬಂದವಳು ನಾನು. ಪಾಸಾದ ಮೇಲೆ ಅದನ್ನು ಜನ "ನಾಯಕರ ರಜೆ" ಎಂದು ಕರೆದರು. ಗಡಿಯಾರನ ಪ್ರತಿಮೆಯ ಕೆಳಗೂ ಅದನ್ನೇ ಕೆತ್ತಿದರು. ಅದಕ್ಕೆ ನಾನು ಬೈದು ಸುಮ್ಮನಾಗಿದ್ದೆ. ಯಾರೋ ಹೆತ್ತ ಮಗುವಿಗೆ ಹೆಸರಿಡಲು ಮುಂದೆ ಬಂದು ನಿಲ್ಲುವುದು ನಾಯಕರ ಹಳೇ ಕಸುಬು. ಆದರೆ ಅವನು ಆಡಿದ ಮಾತನ್ನು ಅಮ್ಮನ ಬಾಯಿಗೆ ತುರುಕುವುದೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಎಮ್ಮೆಯ ಹಾಲನ್ನೂ ಎತ್ತಿನ ಹೆಸರಿಗೆ ಬರೆದಿದ್ದರು.

"ಇವರ ಮನೆ ಹಾಳಾಗ! ಬೇಕಂತಲೇ ಮಾಡಿದಾರಮ್ಮ ಇದನ್ನ. ಗಡಿಯಾರನ ವಂಶದವರು ಯಾರೋ ಒಳಗಿಂದ ಕೈಯಾಡ್ಸಿದಾರೆ" ಎಂದು ಕೂಗಾಡಿದೆ.

ಅಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಕಡೆ ತಿರುಗಿದಳು. "ಹಾಗಾದ್ರೆ ಹೋಗು. ಹೋಗಿ ಅದು ಎಲ್ಲಿಂದ ಬಂತು ಅಂತ ನೋಡ್ಕೊಂಡು ಬಾ" ಅಂದಳು. ಅವಳ ಗಂಟಲಲ್ಲಿ ಕೋಪವಿತ್ತು. ಗಡಿಯಾರನ ಮೇಲೆ ಅಂದುಕೊಂಡೆ.

ಹತ್ತೂವರೆಗೆ ದಾಖಲೆ ಭವನದಲ್ಲಿದ್ದೆ. ಬಾಗಿಲ ಕಾವಲಿನವ ಚೀಟಿ ಕೇಳಿದ. "ನನ್ನ ಮುಖ ನೋಡಿ ಕೇಳ್ತಿದೀಯಾ ಅದನ್ನ?" ಅಂದೆ. ಪಾಪ, ಪಕ್ಕಕ್ಕೆ ಸರಿದ. ನಿರ್ದೇಶಕರ ಕೋಣೆಗೆ ನೇರ ನುಗ್ಗಿ ಕರಡನ್ನು ಮೇಜಿನ ಮೇಲೆ ಬಡಿದೆ. ಹತ್ತಿಯೂ ಅಲ್ಲೇ ನಿಂತಿದ್ದ.

"ಇದನ್ನ ಬರೆದ ಪುಣ್ಯಾತ್ಮ ಯಾರು? ಅವನ ಕೈ ನೋಡ್ಬೇಕು ನಾನು."

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. "ನಾವೇನೂ ಸ್ವಂತ ಬರೆದಿಲ್ಲಮ್ಮ. ಎಲ್ಲಾ ಸೂಚಿ ಕಾರ್ಡಿನಿಂದ ಬಂದದ್ದು. ಸೂಚಿಯೇ ನಮಗೆ ಪ್ರಮಾಣ. ಅದನ್ನ ನಮಗೆ ಹೇಳಿಕೊಟ್ಟವರೇ ನೀವು."

"ಹಾಗಾದ್ರೆ ಕಾರ್ಡು ತರಿಸಿ. ಯಾವ ಹಾಳು ಮುಂಡೇದು ಬರೆದಿದೆಯೋ ನೋಡೇಬಿಡ್ತೀನಿ."

ಈ ಕಾರ್ಡಿನ ವಿಷಯ ಸ್ವಲ್ಪ ಹೇಳಬೇಕು. ಹಳೆಯ ಸಭೆಯಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಹೆಸರು ಬಂದರೆ ಜಗಳ ಬರುತ್ತದೆ ಎಂಬ ನಿಯಮ. ಚರ್ಚೆಯಲ್ಲಿ ಸಭಾನಾಯಕನಿಂದ ಹಿಡಿದು ಹಿಂದಿನ ಸಾಲಿನವರೆಗೆ ಎಲ್ಲರೂ "ಇಂಥ ಜಿಲ್ಲೆಯ ಸದಸ್ಯರು". ನಡವಳಿಯ ಸಂಪುಟಗಳಲ್ಲೂ ಹಾಗೆಯೇ ಅಚ್ಚಾಯಿತು, ಬರೀ ನಂಬರು. ಸಭೆ ಮುಚ್ಚಿದ ಮೇಲೆ ಯಾರು ಏನು ಮಾತಾಡಿದರು ಎಂದು ಸೂಚಿ ಮಾಡಲು ಐದು ಜನ ಹುಡುಗಿಯರನ್ನು ತೆಗೆದುಕೊಂಡರು. ಆ ಐವರಲ್ಲಿ ನಾನೊಬ್ಬಳು, ಇಪ್ಪತ್ತು ವರ್ಷದವಳು. ಪುಟದ ತಲೆಬರಹ ನೋಡಿ ವಿಷಯ ಬರೆಯಬೇಕು, ಪರವೋ ವಿರೋಧವೋ ಒಂದು ಗೀಟು ಹಾಕಬೇಕು, ಒಂದು ಸಾಲು ಎತ್ತಿ ಬರೆಯಬೇಕು, ಜಿಲ್ಲೆಯ ನಂಬರು ಹಾಕಬೇಕು. ಗೋಡೆಯ ಮೇಲೆ ಜಿಲ್ಲೆಗಳ ಪಟ್ಟಿ ತೂಗುಹಾಕಿತ್ತು. ಅದನ್ನು ನೋಡಿ ಹೆಸರಿನ ಮುದ್ರೆ ಒತ್ತಬೇಕು. ದಿನಕ್ಕೆ ಇನ್ನೂರು ಕಾರ್ಡು. ಯಾರು ಮಾಡಿದ್ದು ಎಂದು ಗೊತ್ತಾಗಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲ್.

ಹತ್ತಿ ಎರಡು ಕಾರ್ಡು ತಂದು ಮೇಜಿನ ಮೇಲಿಟ್ಟ. ಒಂದರಲ್ಲಿ ಹೆರಿಗೆ ರಜೆ, ಪರ, ಜಿಲ್ಲೆ ಹದಿನೇಳು, ಕೆಳಗೆ ಗಡಿಯಾರನ ಹೆಸರಿನ ಮುದ್ರೆ. ಇನ್ನೊಂದರಲ್ಲಿ ಹೆರಿಗೆ ರಜೆ, ವಿರೋಧ, ಜಿಲ್ಲೆ ಇಪ್ಪತ್ತು, ಕೆಳಗೆ ಅಮ್ಮನ ಹೆಸರು. ಎರಡೂ ಹಸಿರು ಪೆನ್ಸಿಲಿನಲ್ಲಿದ್ದವು.

ಹಸಿರು ನನ್ನದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳಬೇಕಾಗಿಯೇ ಇರಲಿಲ್ಲ, ಕುಂಬಳಕಾಯಿ ಹೆಗಲ ಮೇಲೇ ಇತ್ತು. ನಿರ್ದೇಶಕರಿಗೂ ಆ ಬಣ್ಣ ಗೊತ್ತು, ಹತ್ತಿಗೂ ಗೊತ್ತು. ಇಬ್ಬರೂ ಬೇರೆ ಕಡೆ ನೋಡಿದರು. ಅವರ ಆ ಮರ್ಯಾದೆ ಕಂಡು ನನಗೆ ಇನ್ನಷ್ಟು ಉರಿಯಿತು. ಬಯ್ಯಬಾರದೇ?

ನನಗೆ ಆ ದಿನಗಳು ಚೆನ್ನಾಗಿ ನೆನಪಿವೆ. ಹದಿನೇಳರಿಂದ ಇಪ್ಪತ್ತರವರೆಗಿನ ಜಿಲ್ಲೆಗಳನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಇಪ್ಪತ್ತು ಅಮ್ಮನದು, ಅದಕ್ಕೆ. ಅವಳ ಹೆಸರಿನ ಮುದ್ರೆಯನ್ನು ಒಂದೊಂದು ಕಾರ್ಡಿಗೂ ಎಷ್ಟು ಹೆಮ್ಮೆಯಿಂದ ಒತ್ತಿದ್ದೆ! ಓರೆಯಾಗಬಾರದು ಎಂದು ಅಡ್ಡಪಟ್ಟಿ ಇಟ್ಟು ಒತ್ತಿದ್ದೆ. ಮೇಲೆ ಏನು ಬರೆದಿದ್ದೇನೆ ಎಂದು ಮಾತ್ರ ನೋಡಲಿಲ್ಲ.

"ಅಮ್ಮ ಇಪ್ಪತ್ತನೇ ಜಿಲ್ಲೆಯವಳಾಗಿದ್ದು ಯಾವಾಗ?" ಎಂದು ನನಗೆ ನಾನೇ ಕೇಳಿಕೊಂಡೆ. ಗಟ್ಟಿಯಾಗಿಯೇ ಕೇಳಿಕೊಂಡಿರಬೇಕು, ಹತ್ತಿ ತಿರುಗಿ ನೋಡಿದ. ನಾನು ಹದಿನೆಂಟರವಳಿದ್ದಾಗ ಸಭೆಯಿಂದ ಮನೆಗೆ ಹೊಸ ಕಾಗದದ ಕಟ್ಟು ಬಂದಿತ್ತು, ಹಾಳೆಯ ತಲೆಯಲ್ಲಿ ಜಿಲ್ಲೆ ಇಪ್ಪತ್ತು ಎಂದು ಅಚ್ಚಾಗಿತ್ತು. "ಇದೊಂದು ಕೇಡು. ರಾತ್ರೋರಾತ್ರಿ ನಂಬರೇ ಬದಲಾಯ್ಸಿದ್ರು" ಎಂದು ಅಮ್ಮ ಗೊಣಗಿದ್ದಳು. ನಾನು ಹಳೆಯ ನಂಬರಿನ ಕಾಗದದ ಹಿಂಬದಿಯಲ್ಲಿ ಲೆಕ್ಕ ಬಿಡಿಸಿ ಎಸೆದಿದ್ದೆ.

"ಮೂರನೇ ವರ್ಷದ ಮೊದಲನೇ ಸಂಪುಟ ತಾರಪ್ಪ. ಎರಡನೇ ವರ್ಷದ್ದೂ ತಾ" ಎಂದೆ.

ಹತ್ತಿ ತಂದ. ಮೂರನೇ ವರ್ಷದ ನಾಲ್ಕನೇ ಪುಟದಲ್ಲೇ ಇತ್ತು. ಅಲ್ಲಿಯವರೆಗೆ ಜಿಲ್ಲೆಗಳನ್ನು ಬೆಟ್ಟದ ಕಡೆಯಿಂದ ನದಿಯ ಕಡೆಗೆ ಎಣಿಸುತ್ತಿದ್ದರು. ಇನ್ನು ಮುಂದೆ ನದಿಯಿಂದ ಬೆಟ್ಟಕ್ಕೆ ಎಣಿಸತಕ್ಕದ್ದು ಎಂದು ಸಭಾನಾಯಕ ಸೂಚಿಸಿದ್ದ, ಉಪಾಧ್ಯಕ್ಷ ಅನುಮೋದಿಸಿದ್ದ. ನದಿ ದಂಡೆಯವರಿಗೆ ಕೊನೆಯವರೆನಿಸಿಕೊಳ್ಳುವುದು ಅವಮಾನವಾಗಿತ್ತಂತೆ. ಒಂದು ಮೂವತ್ತಾರಾಯಿತು, ಮೂವತ್ತಾರು ಒಂದಾಯಿತು. ಹದಿನೇಳು ಇಪ್ಪತ್ತಾಯಿತು, ಇಪ್ಪತ್ತು ಹದಿನೇಳಾಯಿತು. ನಮ್ಮ ಗೋಡೆಯ ಮೇಲೆ ತೂಗುತ್ತಿದ್ದದ್ದು ಹೊಸ ಪಟ್ಟಿ. ಮೊದಲ ಎರಡು ವರ್ಷದ ಮಾತುಗಳನ್ನೂ ಅದೇ ಪಟ್ಟಿ ನೋಡಿ ಹಂಚಿಬಿಟ್ಟಿದ್ದೆವು, ಐದೂ ಜನ.

ನಿರ್ದೇಶಕರು ತಲೆಯಾಡಿಸಿದರು. "ಇರಬಹುದಮ್ಮ. ಆದರೆ ಸದಸ್ಯೆಯ ಮಗಳು ಬಂದು ಹೇಳಿದರು ಅಂತ ಪ್ರತಿಮೆಯ ಬುಡದಲ್ಲಿ ಕೆತ್ತಿರೋದನ್ನ ಸುಳ್ಳು ಅನ್ನೋಕಾಗುತ್ತಾ? ನಾಯಕರು ಮಾತಾಡಿಲ್ಲ ಅನ್ನೋಕೆ ಇನ್ನೂ ಗಟ್ಟಿ ಆಧಾರ ಬೇಕು."

"ಆಧಾರ ಬೇಕಾ? ಭಾಷಣವೇ ಇದೆಯಲ್ಲ" ಎಂದು ಎರಡನೇ ವರ್ಷದ ಸಂಪುಟ ಬಿಚ್ಚಿದೆ. ಅಷ್ಟು ದಪ್ಪ ಸಂಪುಟದ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಉಗುರು ಹಾಕಬೇಕಾಯಿತು. ಹದಿನೇಳನೇ ಜಿಲ್ಲೆಯ ಸದಸ್ಯರು ಎಂದು ತಲೆಬರಹ. ನಿಂತೇ ಗಟ್ಟಿಯಾಗಿ ಓದಿದೆ.

"ಮಾನ್ಯ ಅಧ್ಯಕ್ಷರೇ, ಹೆತ್ತ ಒಂಬತ್ತನೇ ದಿನ ನಾನು ವಾರ್ಡಿಗೆ ವಾಪಸಾದೆ. ದಿನವಿಡೀ ಬೇರೆಯವರ ಮಕ್ಕಳನ್ನು ಎತ್ತಿ ಅವರವರ ತಾಯಂದಿರ ಮಡಿಲಿಗೆ ಹಾಕುತ್ತಿದ್ದೆ. ಯಾವ ಮಗು ಅತ್ತರೂ ನನ್ನ ಸಮವಸ್ತ್ರದ ಎದೆ ಒದ್ದೆಯಾಗುತ್ತಿತ್ತು..."

ಹತ್ತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಿರ್ದೇಶಕರ ಕನ್ನಡಕ ಮೂಗಿನ ತುದಿಗೆ ಬಂತು.

"ಹೇಳಿ ಸರ್" ಎಂದೆ. "ನಿಮ್ಮ ನಾಯಕರು ಹೆತ್ತಿದ್ದು ಯಾವ ಆಸ್ಪತ್ರೇಲಿ? ಸುಖಪ್ರಸವವೇ ಆಯ್ತಾ?"

ಹತ್ತಿ ತಡೆಯಲಾರದೆ ನಕ್ಕುಬಿಟ್ಟ. ನಿರ್ದೇಶಕರಿಗೂ ನಗು ಬಂತು, ನುಂಗಿಕೊಂಡರು. ನಲವತ್ತೈದು ವರ್ಷ! ಪ್ರತಿಮೆ ನಿಲ್ಲಿಸಿದವರು, ಜೀವನಚರಿತ್ರೆ ಬರೆದವರು, ವರ್ಷವರ್ಷ ಹಾರ ಹಾಕಿ ಭಾಷಣ ಬಿಗಿದವರು, ಒಬ್ಬರಾದರೂ ಈ ಪುಟ ತೆರೆದಿರಲಿಲ್ಲ. ಎಲ್ಲರೂ ನನ್ನ ಹಸಿರು ಗೀಟು ನೋಡಿಯೇ ಐತಿಹಾಸಿಕ ಎಂದಿದ್ದರು.

ನಾನು ಮುಂದಿನ ಸಾಲಿಗೆ ಹೋದೆ. "ನನ್ನ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಕೊಳೆ ಬಟ್ಟೆಯ ಬುಟ್ಟಿಯಲ್ಲಿ ಮಲಗಿರುತ್ತಿದ್ದಳು. ಎರಡು ಸಲ ಓಡಿಹೋಗಿ ಹಾಲು ಕೊಡಲು ಅನುಮತಿಯಿತ್ತು. ಮೂರನೇ ಸಲ ಹೋದಾಗ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಿದ್ದರು." ಅಮ್ಮನಿಗೆ ನಾನೊಬ್ಬಳೇ ಮಗಳು. ಈ ಬುಟ್ಟಿಯ ವಿಷಯ ಅವಳು ನನಗೆ ಎಂದೂ ಹೇಳಿರಲಿಲ್ಲ. ನಿರ್ದೇಶಕರ ಎದುರಿಗೆ ಅಳಲು ನನಗೆ ಇಷ್ಟವಿರಲಿಲ್ಲ. ಸಂಪುಟ ಮುಚ್ಚಿದೆ.

"ಸರಿ, ಒಪ್ಕೊಂಡೆ. ಒಂದು ತಿದ್ದೋಲೆ ಹಾಕೋಣ" ಅಂದರು ನಿರ್ದೇಶಕರು. "ಅಮ್ಮನವರ ಪುಟಕ್ಕೆ ಒಂದು ಚೀಟಿ ಅಂಟಿಸಿದ್ರಾಯ್ತು. ಪುಸ್ತಕ ನಿಲ್ಲೋದು ಬೇಡ, ನಿಮ್ಮ ಹೆಸರೂ ಬರೋದು ಬೇಡ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂವತ್ತೆಂಟು ವರ್ಷ ಇದೇ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

"ಉಳಿದವರು ಏನು ಪಾಪ ಮಾಡಿದ್ರು? ಎರಡು ವರ್ಷದ ಮಾತು ಸರ್, ಮೂವತ್ತಾರೂ ಜಿಲ್ಲೇದು ತಲೆಕೆಳಗಾಗಿದೆ. ಒಬ್ಬೊಬ್ಬರ ಮನೇಲೂ ಮಗನೋ ಮೊಮ್ಮಗಳೋ ಇರ್ತಾರೆ. ಅವರಿಗೂ ಚೀಟಿ ಅಂಟಿಸ್ತೀರಾ?"

"ಇದನ್ನೆಲ್ಲ ಬರೆದುಕೊಟ್ರೆ ನಿಮ್ಮ ಮೂವತ್ತೆಂಟು ವರ್ಷದ ಕೆಲಸವನ್ನೇ ಜನ ಅನುಮಾನಿಸ್ತಾರೆ. ಯೋಚನೆ ಮಾಡಿ."

"ಅನುಮಾನಿಸ್ಲಿ. ಒಬ್ಬರಾದ್ರೂ ಪುಟ ತೆಗೆದು ನೋಡ್ತಾರೆ."

ಹತ್ತಿಯ ಪೆನ್ನು ಕಿತ್ತುಕೊಂಡು ಅಲ್ಲೇ ಬರೆದೆ. ಮೊದಲ ಎರಡು ವರ್ಷದ ಸೂಚಿ ತಪ್ಪು. ಹೊಸ ಪಟ್ಟಿ ನೋಡಿ ಹಳೆಯ ಮಾತುಗಳಿಗೆ ಹೆಸರು ಒತ್ತಲಾಗಿದೆ. ಹದಿನೇಳರಿಂದ ಇಪ್ಪತ್ತರವರೆಗಿನ ಕಾರ್ಡುಗಳನ್ನು ಮಾಡಿದವಳು ನಾನು. ಕೆಳಗೆ ಸಹಿ ಹಾಕಿದೆ. ನಿರ್ದೇಶಕರು ಅದನ್ನು ಎರಡು ಸಲ ಓದಿದರು. ಆಮೇಲೆ ಪ್ರೆಸ್ಸಿಗೆ ಫೋನು ಮಾಡಿ, ಪುಸ್ತಕ ನಿಲ್ಲಿಸಿ, ಶುಕ್ರವಾರದ ಸಮಾರಂಭ ಮುಂದಕ್ಕೆ ಹೋಗಿದೆ ಎಂದರು. ಗೋಣು ಬಗ್ಗಿಸಿ ಹೇಳಿದರು, ಆದರೂ ಹೇಳಿದರು. ಅದಕ್ಕೆ ಅವರನ್ನು ಮೆಚ್ಚಬೇಕು.

ಮನೆಗೆ ಬರುವಾಗ ನನಗೆ ಒಂದು ಥರದ ಗೆಲುವೇ ಆಗಿತ್ತು. ತಪ್ಪು ನನ್ನದು ನಿಜ, ಆದರೆ ಒಪ್ಪಿಕೊಂಡು ಬಂದವಳೂ ನಾನೇ ಅಲ್ಲವೇ? ಅಮ್ಮ ಬಯ್ಯುತ್ತಾಳೆ, ಆಮೇಲೆ ನಗುತ್ತಾಳೆ ಅಂದುಕೊಂಡೆ. ಮೆಟ್ಟಿಲು ಹತ್ತುತ್ತಲೇ ಹೇಳಲು ಶುರುಮಾಡಿದೆ. ನಂಬರು ಬದಲಾದದ್ದು, ಗಡಿಯಾರ ಹೆತ್ತದ್ದು, ಹತ್ತಿ ನಕ್ಕದ್ದು, ಎಲ್ಲವನ್ನೂ ಹೇಳಿದೆ.

ಅಮ್ಮ ನಗಲಿಲ್ಲ. "ಕಾರ್ಡು ಯಾವ ಬಣ್ಣದಲ್ಲಿತ್ತು ಅದನ್ನ ಹೇಳು" ಅಂದಳು.

"ನಿನಗೆ ಗೊತ್ತಿತ್ತಾ?"

"ಪ್ರತಿಮೆ ನಿಲ್ಲಿಸಿದ ವರ್ಷವೇ ಹೋಗಿ ನೋಡ್ದೆ. ನೀನು ಅವತ್ತು ರಜೆ ಹಾಕಿದ್ದೆ. ಹಸಿರು ಪೆನ್ಸಿಲ್ ಯಾರದು ಅಂತ ನಂಗೆ ಗೊತ್ತಿಲ್ವಾ? ಮನೆ ಸಾಮಾನಿನ ಚೀಟೀನೂ ಅದರಲ್ಲೇ ಗೀಚ್ತಿದ್ದೆ."

ಮೂವತ್ತೈದು ವರ್ಷ! "ಯಾಕಮ್ಮ ಹೇಳ್ಲಿಲ್ಲ? ನನ್ನ ಕೆಲಸ ಹೋಗುತ್ತೆ ಅಂತ ಹೆದರಿದ್ಯಾ?" ಎಂದು ಕೇಳುತ್ತಾ ಅವಳ ಕೈ ಹಿಡಿಯಲು ಹೋದೆ.

ಅವಳು ಕೈ ಎಳೆದುಕೊಂಡಳು. "ಮುಟ್ಬೇಡ. ಮೊದಲು ಹಂಗೇ ಅಂದ್ಕೊಂಡೆ. ಎರಡು ಮಕ್ಕಳ ತಾಯಿ, ಗಂಡ ಬೇರೆ ಹಾಸಿಗೆ ಹಿಡಿದಿದ್ದ, ಹೋಗ್ಲಿ ಪಾಪ ಅಂತ. ಅಳಿಯ ಎದ್ದು ಓಡಾಡೋ ಹಾಗಾದ. ಮಕ್ಕಳು ದೊಡ್ಡವರಾದ್ರು. ನೀನು ಮೇಲಿನ ಕುರ್ಚೀಲಿ ಕೂತೆ. ಆಗ್ಲೂ ನಾನು ಹೇಳ್ಲಿಲ್ಲ. ಯಾಕೆ ಗೊತ್ತಾ? ಸಿಟ್ಟಿಗೆ ಹೇಳ್ಲಿಲ್ಲ. ಇವತ್ತು ಓದ್ತಾಳೆ, ನಾಳೆ ಓದ್ತಾಳೆ ಅಂತ ಕಾದೆ ಕಣೇ."

"ಐದೂ ಜನ ಅದೇ ತಪ್ಪು ಮಾಡಿದ್ವಿ ಅಮ್ಮ. ದಿನಕ್ಕೆ ಇನ್ನೂರು..."

"ಆ ನಾಲ್ಕು ಹುಡುಗೀರಿಗೆ ನಾನು ಯಾರು? ಯಾವುದೋ ಒಂದು ನಂಬರು. ನಿನಗೂ ನಾನು ನಂಬರೇನಾ?" ಕುರ್ಚಿಯ ಕೈ ಮೇಲೆ ಅಂಗೈ ಬಡಿದಳು. "ಅವನ ಪ್ರತಿಮೆ ಮೇಲೆ ನಂಗೆ ಸಿಟ್ಟಿಲ್ಲ. ಅವನು ಕದಿಯೋನು, ಕದ್ದ. ನೀನು ಮೂವತ್ತೆಂಟು ವರ್ಷ ಆ ನಡವಳಿ ಪುಸ್ತಕದಿಂದ ಎರಡು ಕೋಣೆ ಆಚೆ ಕೂತಿದ್ದೆ. ಊರಿಗೆಲ್ಲ ನಮ್ಮಮ್ಮ ಹಂಗೆ ಮಾತಾಡಿದ್ಲು, ಹಿಂಗೆ ಮಾತಾಡಿದ್ಲು ಅಂತ ಹೇಳ್ಕೊಂಡು ತಿರುಗ್ದೆ. ಏನು ಮಾತಾಡಿದ್ಲು ಅಂತ ಒಂದು ದಿನ ತೆಗೆದು ನೋಡ್ಬೇಕು ಅನ್ನಿಸ್ಲಿಲ್ವಲ್ಲೇ ನಿಂಗೆ."

ಮೂವತ್ತೈದು ವರ್ಷ ಈ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ನನ್ನ ಮಕ್ಕಳನ್ನು ಸಾಕಿದ್ದಳು, ನನಗೆ ತಲೆ ಬಾಚಿದ್ದಳು. ಅವಳ ಕುರ್ಚಿಯ ಪಕ್ಕದಲ್ಲಿ ಚೀಲ ಹಿಡಿದುಕೊಂಡೇ ನಿಂತಿದ್ದೆ.

"ಇವತ್ತು ಓದಿದೆ ಅಮ್ಮ" ಎಂದೆ.

"ಎಷ್ಟು ಓದಿದೆ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿರ್ದೇಶಕರ ಬಾಯಿ ಮುಚ್ಚಿಸಲು ಎಷ್ಟು ಬೇಕೋ ಅಷ್ಟು ಓದಿ ಮುಚ್ಚಿಟ್ಟು ಬಂದಿದ್ದೆ. "ಒಂದು ಪುಟ."

"ಹನ್ನೊಂದು ಪುಟ ಇದೆ" ಅಂದಳು ಅಮ್ಮ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ದಾಖಲೆ ಭವನದ ಓದುವ ಕೋಣೆ ಐದಕ್ಕೆ ಮುಚ್ಚುತ್ತದೆ. ಗಂಟೆ ಮೂರೂ ಕಾಲಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಮೆಟ್ಟಿಲಿಳಿದೆ.